ಗರ್ಮಿರ್‌ಕಾರ್ ಸಂಘದ ಎರಡನೆಯ ಸಾಲು

ಬುರ್ಜ್ ಹಮ್ಮೂದ್, ಬೈರೂತ್
೧೪ ಆಗಸ್ಟ್ ೧೯೩೪

ಮುದ್ದಿನ ವೆರ್ಕಿನೆ,

ಹೇಗಿದ್ದೀಯ ಮಗಳೇ? ಮಾರ್ಸೇಯ ಚಳಿಗಾಳಿಗೆ ಹಿಡಿದ ಕೆಮ್ಮು ಬಿಟ್ಟಿತೋ ಇಲ್ಲವೋ? ಅಳಿಯಂದಿರು ಇನ್ನೂ ಸಾಬೂನು ಕಾರ್ಖಾನೆಗೇ ಹೋಗುತ್ತಿದ್ದಾರೆಯೇ? ಈಸ್ಟರಿಗೆ ಬಂದ ನಿನ್ನ ಕಾಗದದಲ್ಲಿ ಮಗುವಿಗೆ ಒಂದು ಹಲ್ಲು ಬಂದಿತ್ತು. ಈಗ ಬಾಯಿ ತುಂಬಿರಬೇಕು, ನೀನು ಬರೆಯುವುದನ್ನು ಬಿಟ್ಟೆ. ನಾನು ಕಲ್ಲುಗುಂಡಿನ ಹಾಗಿದ್ದೇನೆ. ದಿನವಿಡೀ ಜೋಡು ಹೊಲಿದು ಎದ್ದಾಗ ಮಂಡಿ ಸ್ವಲ್ಪ ಕಟಕಟ ಎನ್ನುತ್ತದೆ, ಅಷ್ಟೆ. ಮನೆಯಲ್ಲಿ ಬೇರೆ ಸದ್ದಿಲ್ಲವಲ್ಲ, ಅದಾದರೂ ಇರಲಿ.

ಇಲ್ಲಿಯ ಸಮಾಚಾರ ಕೇಳು. ಊರು ಕಳೆದುಕೊಂಡು ಬಂದು ಹೊಳೆಯಾಚೆ ತಗಡಿನ ಗುಡಿಸಲುಗಳಲ್ಲಿ ಒತ್ತೊತ್ತಾಗಿ ಬಿದ್ದಿದ್ದ ನಮ್ಮವರು ಈಗ ಜವುಗು ನೆಲ ತುಂಬಿ ಒಂದು ಪಟ್ಟಣವನ್ನೇ ಎಬ್ಬಿಸಿದ್ದಾರೆ. ನಾನೇ ಎಬ್ಬಿಸಿದೆ ಎಂದರೂ ತಪ್ಪಿಲ್ಲ. ಚರ್ಚಿನ ಅಡಿಪಾಯಕ್ಕೆ ಮೂರನೆಯ ಕಲ್ಲು ಇಟ್ಟವನು ನಾನು. ಮೊದಲ ಎರಡನ್ನು ಬಿಷಪ್ಪರು ಇಟ್ಟದ್ದು, ಅವರ ಕೈಯಲ್ಲಿ ಬಲವೆಲ್ಲಿದೆ, ಅವು ಲೆಕ್ಕಕ್ಕಿಲ್ಲ. ಮರಾಶಿನವರದು ಒಂದು ಕೇರಿ, ಸಿಸ್‌ನವರದು ಇನ್ನೊಂದು, ಅದಾನಾದವರದು ಮತ್ತೊಂದು. ಪ್ರತಿ ಊರಿಗೂ ಒಂದು ಸಂಘ, ಸಂಘಕ್ಕೊಂದು ಮೊಹರು, ಓಣಿಯ ಮೂಲೆಯಲ್ಲಿ ಬಿಟ್ಟುಬಂದ ಊರಿನ ಹೆಸರು. ಮರಾಶಿನ ಕೇರಿಯಲ್ಲಿ ಇಲ್ಲೇ ಹುಟ್ಟಿದ ಮಕ್ಕಳೂ ಮರಾಶಿನ ಬೈಗುಳವನ್ನೇ ಬೈಯುತ್ತವೆ.

ನಮ್ಮ ಗರ್ಮಿರ್‌ಕಾರ್‌ಗೆ ಸಂಘ ಬೇಡವೇ? ನಾನೇ ಕಟ್ಟಿದೆ. ಅಧ್ಯಕ್ಷ ನಾನು, ಕಾರ್ಯದರ್ಶಿಯೂ ನಾನೇ, ಎರಡೂ ಅವಿರೋಧ ಆಯ್ಕೆ. ಅಟ್ಟೆಯ ತೊಗಲಿನಲ್ಲಿ ಮೊಹರನ್ನೂ ಕೊರೆದೆ. ಪಾದ್ರಿಯ ಬೆತ್ತದ ಕೆಳಗೆ ಮೂರು ತರಗತಿ ಓದಿದ್ದು ಸುಮ್ಮನೆ ಅಲ್ಲ. ಸದಸ್ಯರ ಪುಸ್ತಕದಲ್ಲಿ ಮೊದಲ ಸಾಲು ನನ್ನದು, ಎರಡನೆಯದು ಖಾಲಿ. ಊರಿನ ನಲವತ್ತು ಮನೆಗಳಲ್ಲಿ ಉಳಿದವರು ನಾವಿಬ್ಬರೇ ಅಲ್ಲವೇ. ಹತ್ತೊಂಬತ್ತು ವರ್ಷದ ಹಿಂದೆ ಸಿಪಾಯಿಗಳು ಊರವರನ್ನೆಲ್ಲ ಹೊರಡಿಸಿ ಮರಳುಗಾಡಿನ ದಾರಿಗೆ ಅಟ್ಟಿದಾಗ ನಾನು ಅಲೆಪ್ಪೊದಲ್ಲಿ ಕಸುಬು ಕಲಿಯುತ್ತಿದ್ದೆ. ಆ ದಾರಿಯಲ್ಲಿ ನೀನು ಅನಾಥಾಲಯದ ಬಾಗಿಲಿಗೆ ಹೇಗೆ ಬಂದು ಮುಟ್ಟಿದೆಯೋ ನಿನಗೇ ಗೊತ್ತಿಲ್ಲ.

ಮೊನ್ನೆ ಭಾನುವಾರ ದೇವಮಾತೆಯ ಹಬ್ಬ. ಪಾದ್ರಿ ದ್ರಾಕ್ಷಿಯನ್ನು ಹರಸುವ ತನಕ ಒಂದು ಹಣ್ಣನ್ನೂ ಬಾಯಿಗಿಡಲಿಲ್ಲ. ಎರಡು ತಿಂದೆ, ಆದರೆ ಅವು ತಾವಾಗಿ ಉದುರಿದ್ದವು. ಚರ್ಚಿನ ಅಂಗಳದಲ್ಲಿ ಒಂದೊಂದು ಸಂಘವೂ ಹಂಡೆಯಿಟ್ಟು ಗೋಧಿ ಮಾಂಸದ ಹರೀಸಾ ಬೇಯಿಸುತ್ತದೆ. ಮರಾಶಿನವರು ಎಂಟು ಜನ ಹಾಡುತ್ತ ಸರದಿಯ ಮೇಲೆ ತಿರುವುತ್ತಾರೆ. ನಾನೂ ಹಂಡೆಯಿಟ್ಟೆ, ಬೆಳಗಿನಿಂದ ಒಬ್ಬನೇ ತಿರುವಿದೆ. ಕೈ ಬಿಟ್ಟರೆ ತಳ ಹಿಡಿಯುತ್ತದೆ, ಆದ್ದರಿಂದ ಪೂಜೆಗೆ ಒಳಗೆ ಹೋಗಲಾಗಲಿಲ್ಲ. ಪಾದ್ರಿ ಬಾಗಿಲಿನಿಂದಲೇ ನನ್ನ ಕಡೆ ಧೂಪ ಬೀಸಿದರು. ಮರಾಶಿನ ಯಜಮಾನ ಮಿಹ್ರಾನ್ ಹೊಟ್ಟೆ ಮುಂದೆ ಮಾಡಿಕೊಂಡು ಬಂದು, "ಅಧ್ಯಕ್ಷರೇ, ನಿಮ್ ಸಂಘದ ಸಭೆ ಕರೀಬೇಕಂದ್ರೆ ಒಂದು ಕನ್ನಡಿ ಇದ್ರೆ ಸಾಕಲ್ಲ?" ಎಂದರು. ನಾನು ಬಿಡುತ್ತೇನೆಯೇ? "ಹೌದಣ್ಣ, ನಮ್ ಸಭೇಲಿ ಕುರ್ಚಿ ಹಾರಲ್ಲ. ನಿಮ್ಮಲ್ಲಿ ಹೋದ ವಾರ ಎಷ್ಟು ಹಾರಿದ್ವು?" ಎಂದೆ. ಅಂಗಳವೆಲ್ಲ ನಕ್ಕಿತು. ಪಕ್ಕದ ಮನೆಯ ನೊಯೆಮ್ಜಾರ್ ಅಕ್ಕ ಮೂರು ಬಟ್ಟಲು ತಿಂದು, "ತಳ ಹಿಡಿದೈತೆ ತೊರೋಸ್, ಪರವಾಗಿಲ್ಲ" ಎಂದರು. ಆಮೇಲೆ ಎಲ್ಲರೂ ಅವರವರ ಊರಿನವರ ಜೊತೆ ಹೋಗಿ ಕುಳಿತರು. ನನಗೆ ಹಂಡೆ ಉಜ್ಜುವುದಿತ್ತು, ಉಜ್ಜಿದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಓಣಿಗೆ ಇನ್ನೂ ಹೆಸರಿಲ್ಲ. ಓಣಿಗಳಿಗೆ ಹೆಸರಿಡುವವರು ಅದೇ ಮಿಹ್ರಾನ್. ಊರಿನವರು ಇಬ್ಬರಾದರೂ ಸಂಘದ ಪುಸ್ತಕದಲ್ಲಿರಬೇಕಂತೆ, ಬರುವ ತಿಂಗಳ ಶಿಲುಬೆಯ ಹಬ್ಬಕ್ಕೆ ಓಣಿಗಳ ಪಟ್ಟಿ ಮುಚ್ಚುತ್ತಾರಂತೆ. ನಿನ್ನ ಹೆಸರು ಹೇಳಿದೆ. "ಅವಳು ಖರ್ಪೆರ್ತ್ ಊರಿನವನನ್ನ ಕಟ್ಕೊಂಡಳಲ್ಲಯ್ಯಾ, ಈಗ ಆ ಊರಿನವರ ಲೆಕ್ಕ" ಎಂದರು. "ಗಂಡನ ಮನೆ ಸೇರಿದ್ಲು, ಹುಟ್ಟಿದ್ದನ್ನೂ ಅಲ್ಲಿಗೇ ಹೊತ್ಕೊಂಡು ಹೋದ್ಲಾ?" ಎಂದೆ. ಕೊನೆಗೆ, "ಆಯ್ತು ಮಾರಾಯ, ಅವಳ ಕೈಬರಹ ತರಿಸು" ಎಂದು ಕೈ ಝಾಡಿಸಿದರು. ಎರಡು ಸಾಲು ಸಾಕು ಮಗಳೇ. ನಾನು ಗರ್ಮಿರ್‌ಕಾರ್‌ನವಳು, ಇಂಥವರ ಮಗಳು ಎಂದು. ಬಾ ಎನ್ನುತ್ತಿಲ್ಲ, ನಿನಗೆ ಅಲ್ಲಿ ಸಂಸಾರವಿದೆ. ನಿನ್ನ ಅಕ್ಷರದ ಹಾಗೆ ನಾನೇ ಬರೆದುಬಿಡೋಣ ಎಂದು ಎರಡು ಸಲ ಕುಳಿತೆ. ಎಂಥೆಂಥ ತುಂಟತನಕ್ಕೆ ಏಳುವ ಈ ಕೈ ಅದಕ್ಕೆ ಮಾತ್ರ ಏಳಲಿಲ್ಲ.

ಅಳಿಯಂದಿರಿಗೆ ನಮಸ್ಕಾರ. ಮಗುವಿನ ಹಲ್ಲುಗಳು ಗಟ್ಟಿಯಾಗಲಿ, ನಮ್ಮ ಊರಿನ ಒಣರೊಟ್ಟಿ ಕಡಿಯುವಷ್ಟು. ನಿಮ್ಮಪ್ಪ ಇದ್ದಿದ್ದರೆ ಹರಸುತ್ತಿದ್ದುದನ್ನೆಲ್ಲ ಸೇರಿಸಿ ಹರಸುತ್ತಿದ್ದೇನೆ.

ನಿನ್ನ ಚಿಕ್ಕಪ್ಪ,
ತೊರೋಸ್
(ಅಧ್ಯಕ್ಷ, ಕಾರ್ಯದರ್ಶಿ)

ಬರೆಯಲು ಮರೆತೆ: ಬಾಗಿಲ ಮುಂದೆ ನೆಡಲು ಒಂದು ಹಿಪ್ಪುನೇರಳೆ ಸಸಿ ತಂದಿದ್ದೇನೆ, ಊರಿನ ಮನೆಯಲ್ಲಿದ್ದ ಹಾಗೆ. ಎಂಟು ದಿನದಿಂದ ಡಬ್ಬಿಯಲ್ಲೇ ಇದೆ. ಅಲ್ಲಿ ನಮ್ಮ ಬಾಗಿಲಿನಿಂದ ಹೊರಗೆ ಬಂದರೆ ಮರ ಎಡಕ್ಕಿತ್ತೋ ಬಲಕ್ಕೋ? ಬಲಕ್ಕೆ ಎಂದು ಎಲ್ಲರ ಮುಂದೆ ಆಣೆಯಿಟ್ಟು ಹೇಳಿದ್ದೇನೆ. ಆದರೆ ಕಣ್ಣು ಮುಚ್ಚಿದರೆ ಒಂದೊಂದು ದಿನ ಎಡಕ್ಕೆ ಕಾಣುತ್ತದೆ. ಕೇಳೋಣವೆಂದರೆ ನಿನ್ನ ಹೊರತು ಯಾರೂ ಇಲ್ಲ. ಆಗ ನಿನಗೆ ಆರು ವರ್ಷ, ನೆನಪಿಲ್ಲದೆಯೂ ಇರಬಹುದು. ಆದರೂ ಯಾವುದಾದರೂ ಒಂದು ಬರೆ. ನೀನು ಹೇಳಿದ ಕಡೆಯೇ ನೆಡುತ್ತೇನೆ, ಜಗಳ ಆಡುವುದಿಲ್ಲ.