ಎಡಗೈಯ ಪಾಠ

ಸೋಮವಾರ, ಬೆಳಿಗ್ಗೆ

ನನ್ನ ಚಿನ್ನದಂಥ ಮಗಳಿಗೆ ಅಮ್ಮ ಹರಸಿ ಬರೆಯುವುದು.

ಇವತ್ತು ಉಪವಾಸ. ಅಂಗಳ ಗುಡಿಸಿ, ನೀರು ತುಂಬಿಸಿ, ದೇವರಿಗೆ ದೀಪ ಹಚ್ಚಿ ಕೂತಿದ್ದೇನೆ. ಉಪವಾಸದ ದಿನ ಸುಳ್ಳು ಬರೆಯಲು ಕೈ ಬರುವುದಿಲ್ಲ, ಅದಕ್ಕೇ ನಿನ್ನ ಮಾತಿಗೆ ಉತ್ತರವನ್ನು ಇವತ್ತಿಗೆ ಇಟ್ಟುಕೊಂಡೆ.

ನೀನು ನಡೆಸುವ ತರಬೇತಿಗೆ ಹೊರದೇಶದಿಂದ ರೋಗಿಗಳ ಆರೈಕೆ ಕಲಿಯಲು ಬಂದ ಹುಡುಗಿಯರಲ್ಲಿ ಆ ಉದ್ದ ಜಡೆಯವಳು ಪಾಠಕ್ಕೆ ಗಮನ ಕೊಡುತ್ತಿರಲಿಲ್ಲ, ಅದಕ್ಕೇ ಆಸ್ಪತ್ರೆಯಲ್ಲಿ ಮಗ್ಗುಲು ಹೊರಳಿಸುವಾಗ ದರ್ಜಿ ತಾತ ಅವಳ ಕೈಯಿಂದ ಜಾರಿ ಬಿದ್ದು ತೀರಿಕೊಂಡರು ಅಂತ ನಾನು ಬರೆದು ಸಹಿ ಹಾಕಬೇಕು ಅಂದೆ ನೀನು. ತರಬೇತಿಯಲ್ಲಿ ದಿನವೂ ರೋಗಿಯ ಹಾಗೆ ಮಲಗಿ ಅವರ ಕೈಗೆ ಮೈ ಕೊಟ್ಟವಳು ನೀನೇ ಅಲ್ಲವೇನಮ್ಮ, ನಿನ್ನ ಮಾತಿಗೆ ತೂಕ ಇದೆ ಅಂದೆ. ಅವಳೊಬ್ಬಳನ್ನು ವಾಪಸು ಕಳಿಸಿದರೆ ಉಳಿದವರು ಪಾಸು, ಗುತ್ತಿಗೆಯೂ ಉಳಿಯುತ್ತದೆ, ನಿನ್ನ ಕೆಲಸವೂ ಉಳಿಯುತ್ತದೆ ಅನ್ನುವುದು ನಿನ್ನ ಲೆಕ್ಕ.

ಮಗಳೇ, ಅವಳಷ್ಟು ಗಮನ ಕೊಟ್ಟವರು ಇನ್ನೊಬ್ಬರಿಲ್ಲ. ಅದರಿಂದಲೇ ಕೆಟ್ಟಿತು.

ಪಾಠ ಹೇಳುವ ಟೀಚರಮ್ಮನ ಬಲ ಭುಜ ಹಿಡಿದುಕೊಂಡಿರುವುದು ನಿನಗೆ ಗೊತ್ತು. ನನ್ನದು ಎಡಗೈ ಒಂದೇ, ನೀವು ಎರಡೂ ಕೈ ಹಾಕಿ ಎತ್ತಿ ಅಂತ ಪ್ರತಿ ತಂಡಕ್ಕೂ ಹೇಳುತ್ತಾರೆ. ದುಭಾಷಿ ಅದನ್ನು ಆ ಮಕ್ಕಳ ಭಾಷೆಯಲ್ಲಿ ಹೇಳಿ ನಗಿಸುತ್ತಿದ್ದ. ಖರ್ಚು ಇಳಿಸಲು ಈ ಸಲ ನೀನು ಅವನನ್ನು ಬಿಡಿಸಿದೆ. ನೋಡಿ ಕಲಿಯುವ ಕೆಲಸಕ್ಕೆ ಭಾಷೆ ಯಾಕೆ ಅಂದೆ. ಟೀಚರಮ್ಮನಿಗೆ ಒಟ್ಟಿಗೆ ಎರಡು ತಂಡ ಕಟ್ಟಿದೆ. ಅವರು ಒಮ್ಮೆ ಮಾಡಿ ತೋರಿಸಿ ಪಕ್ಕದ ಕೋಣೆಗೆ ಓಡುವರು. ಈ ಹುಡುಗಿಯರೋ, ಅರ್ಥ ಆಯಿತಾ ಅಂದರೂ ತಲೆಯಾಡಿಸುವರು, ಊಟ ಆಯಿತಾ ಅಂದರೂ ತಲೆಯಾಡಿಸುವರು.

ಕಂಡದ್ದನ್ನೇ ಕಲಿತರು. ಬಲಗೈ ಹೊಟ್ಟೆಗೆ ಒತ್ತಿಕೊಂಡು, ಎಡಗೈಯಷ್ಟೇ ನನ್ನ ಬೆನ್ನಡಿಗೆ ತೂರಿಸಿ ಹೊರಳಿಸುತ್ತಿದ್ದರು. ನಾನು ಅವರ ಬಲಗೈ ಎಳೆದು ತೋರಿಸಿದರೆ, ರೋಗಿಗೆ ನೋವಾಯಿತೇನೋ ಅಂತ ಹೆದರಿ ಬಿಟ್ಟುಬಿಡುವರು.

ನೀನು ಪರೀಕ್ಷೆಗೆ ಬಂದವಳು ಬಾಗಿಲಲ್ಲೇ ನಿಂತು, ಎಲ್ಲರದೂ ಒಂದೇ ಅಚ್ಚು, ಎಂಥ ಶಿಸ್ತು ನೋಡಮ್ಮ ಅಂದೆ. ಅಚ್ಚೇ ಸೊಟ್ಟ ಕಣೇ ಅಂದೆ ನಾನು. ರೋಗಿ ಮಾತಾಡಬಾರದು ಅಂತ ನೀನು ನಕ್ಕು ಹೋದೆ.

ನನ್ನದು ಒಣಕಲು ಮೈ, ಅವರು ಮುಟ್ಟಿದರೆ ನಾನೇ ಹೊರಳುತ್ತಿದ್ದೆ. ದರ್ಜಿ ತಾತನದು ಭಾರದ ದೇಹ, ಒಂದು ಪಕ್ಕ ಸ್ವಾಧೀನವೇ ಇರಲಿಲ್ಲ.

ಆ ಜಡೆಯ ಹುಡುಗಿ ಈಗ ಕೋಣೆ ಬಿಟ್ಟು ಬರುವುದಿಲ್ಲ. ಊಟ ಕೊಡಲು ಹೋದರೆ ದಿಂಬನ್ನು ಹೊರಳಿಸುತ್ತಿರುತ್ತಾಳೆ. ಎಲ್ಲಿ ತಪ್ಪಿತೆಂದು ಹುಡುಕುತ್ತಿದ್ದಾಳೆ, ಪಾಪ, ಈಗಲೂ ಎಡಗೈಯಲ್ಲೇ.

ಶುಕ್ರವಾರ ಉಳಿದವರಿಗೆ ಪಾಸಾದ ಪತ್ರ ಕೊಡುತ್ತೀಯಂತೆ. ಕೊಡಬೇಡ. ಅವರವರ ಊರಲ್ಲೂ ಹಾಸಿಗೆ ಹಿಡಿದ ತಾತಂದಿರಿದ್ದಾರೆ. ದುಭಾಷಿಯನ್ನು ಕರೆಸು, ಮೊದಲಿಂದ ಕಲಿಸು. ಕೆಲಸ ಹೋದರೆ ಮನೆಗೆ ಬಾ, ಇದ್ದುದನ್ನು ಹಂಚಿಕೊಂಡು ತಿನ್ನೋಣ. ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ. ದುಭಾಷಿ ಇರಲಿಲ್ಲ ಅನ್ನುವ ನೆಪ ಅವನ ಮುಂದೆ ನಡೆಯುವುದಿಲ್ಲ.

ನಿನ್ನ ಒಳ್ಳೆಯದನ್ನೇ ಬೇಡುವ
ಅಮ್ಮ

ತಾ.ಕ.: ನೀನು ಕೇಳಿದ ಹೇಳಿಕೆಯನ್ನು ಬೇರೆ ಹಾಳೆಯಲ್ಲಿ ಎರಡು ಪ್ರತಿ ಬರೆದು ಸಹಿ ಹಾಕಿದ್ದೇನೆ. ಇಲ್ಲಿ ಬರೆದದ್ದೆಲ್ಲ ಅದರಲ್ಲಿದೆ, ದುಭಾಷಿಯನ್ನು ಬಿಡಿಸಿದ್ದು ಯಾರು ಅನ್ನುವುದೂ ಇದೆ. ನಿನ್ನೆ ದರ್ಜಿ ತಾತನ ಮಗಳು ಬಂದು, ಅಪ್ಪ ಹೇಗೆ ಬಿದ್ದರು, ಯಾರೂ ಹೇಳುತ್ತಿಲ್ಲವಲ್ಲ ಅಂತ ಅತ್ತಳು. ಗುರುವಾರ ಬಾ, ಬರೆದದ್ದು ಕೊಡುತ್ತೇನೆ ಅಂದುಬಿಟ್ಟಿದ್ದೇನೆ. ಅವಳಿಗಿಂತ ಮೊದಲು ನೀನೇ ಅದನ್ನು ಮೇಲಿನವರ ಮುಂದಿಟ್ಟರೆ ನಿನ್ನ ಮುಖ ಉಳಿದೀತು. ಬುಧವಾರದೊಳಗೆ ಯಾರನ್ನಾದರೂ ಕಳಿಸಿ ನಿನ್ನ ಪ್ರತಿ ತರಿಸಿಕೋ.