ನನ್ನ ಕಿವಿ ನಿಮ್ಮ ಬೀರುವಿನಲ್ಲಿದೆ

ಮಾನ್ಯ ಸಮಾನ ಅವಕಾಶಗಳ ಅಧಿಕಾರಿಗಳೇ,

ನಿಮ್ಮ ಕಲಿಕಾ ಕೇಂದ್ರಕ್ಕೆ ಬೆಂಕಿ ಬಿದ್ದಿದೆ. ಮಹಡಿಯ ಕಿಟಕಿಯಿಂದ ಹೊಗೆ ಬರ್ತಿದೆ, ಒಳಗೊಬ್ಬ ಮುದುಕ ಸಿಕ್ಕಿಹಾಕ್ಕೊಂಡಿದ್ದಾನೆ, ಕೂಡಲೇ ಹೊರಡಿ.

ಹೊರಟಿರಾ? ಕೂತ್ಕೊಳ್ಳಿ. ಬೆಂಕಿ ಸುಳ್ಳು. ಮುದುಕ ನಿಜ, ಅದು ನಾನೇ. ಹೀಗೆ ಹೆದರಿಸದಿದ್ರೆ ನಿಮ್ಮ ಕಣ್ಣು ಎರಡನೇ ಸಾಲಿಗೆ ಇಳಿಯಲ್ಲ. ವಿಷಯ ಇಷ್ಟು: ಜನರ ದುಡ್ಡಲ್ಲಿ ನಡೆಯೋ ನಿಮ್ಮ ಕೇಂದ್ರದ ಸಂಜೆ ತರಗತಿಯಿಂದ ನನ್ನ ಹೆಸರು ಹೊಡೆದುಹಾಕಿದ್ದಾರೆ. ನಿಜವಾದ ಕಾರಣ, ನನಗೆ ಕಿವಿ ಕೇಳಿಸಲ್ಲ. ಅವರು ಬರೆದ ಕಾರಣ, ಸತತ ಗೈರುಹಾಜರಿ. ಮಾನ್ಯರೇ, ಮುಂದಿನ ಬೆಂಚಲ್ಲಿ ಕೂತ್ಕೊಂಡೇ ಗೈರುಹಾಜರಾದ ಮನುಷ್ಯ ನಾನು. ತಪಸ್ಸು ಮಾಡಿದೋರಿಗೂ ಇದು ಸಿದ್ಧಿಸಿರಲಿಕ್ಕಿಲ್ಲ.

ನಾನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಬಂತು, ಯಾವುದು ಹೋಯ್ತು ಅಂತ ಕೂಗ್ತಿದ್ದೋನು. ಬೇಜಾರಾದಾಗ, 'ಬಲಗಾಲಿನ ಚಪ್ಪಲಿ ಕಳ್ಕೊಂಡೋರು ಎಡಗಾಲಿನ ಚಪ್ಪಲಿ ಸಮೇತ ಕಚೇರಿಗೆ ಬರಬೇಕು' ಅಂತ ಕೂಗಿ, ಇಡೀ ನಿಲ್ದಾಣ ತಲೆ ಬಗ್ಗಿಸಿ ಕಾಲು ನೋಡ್ಕೊಳ್ಳೋದನ್ನ ಗಾಜಿನ ಹಿಂದೆ ಕೂತು ನೋಡಿ ನಗ್ತಿದ್ದೆ. ಈಗ ಕಿವಿ ಹೋಗಿದೆ. ಕಿವಿ ಹೋದ್ರೆ ಮಾತೂ ಹೋಗುತ್ತೆ ಅಂತ ಯಾರೂ ಹೇಳಿರಲಿಲ್ಲ. ನನ್ನ ಮಾತಲ್ಲ, ಬೇರೆಯವರದ್ದು. 'ಏನಂದ್ರಿ?' ಅಂತ ಕೇಳಿದ್ರೆ ಇನ್ನೊಂದು ಸಲ ಹೇಳ್ತಾರೆ. ಮತ್ತೆ ಕೇಳಿದ್ರೆ ಕೈ ಆಡಿಸಿ 'ಏನಿಲ್ಲ ಬಿಡಿ ತಾತ' ಅಂತಾರೆ. ಆ ಒಂದು ಮಾತನ್ನ ಮಾತ್ರ ತುಟಿ ನೋಡಿಯೇ ಗುರುತು ಹಿಡೀತೀನಿ. ಅಂಗಡಿಯವನ ತುಟೀಲೂ ಅದೇ, ಮನೇಲಿ ಸೊಸೆ ತುಟೀಲೂ ಅದೇ. ದಿನವೆಲ್ಲ ಬರೀ 'ಏನಿಲ್ಲ'ಗಳನ್ನ ಕೂಡಿಹಾಕ್ಕೊಂಡು ಮಲಗ್ತೀನಿ.

ಅದಕ್ಕೇ ನಿಮ್ಮ ಕಥೆ ಹೇಳೋ ತರಗತಿಗೆ ಸೇರಿದ್ದು. ಬಾಗಿಲಲ್ಲೇ ದೊಡ್ಡ ಫಲಕ: 'ಇಲ್ಲಿ ಯಾರಿಗೂ ಭೇದಭಾವವಿಲ್ಲ.' ನಿಜ. ಕಿವಿ ಇದ್ದೋರಿಗೂ ಇಲ್ಲದೋರಿಗೂ ಮೇಡಂ ಒಂದೇ ಥರ ಬೆನ್ನು ತಿರುಗಿಸಿ ಪಾಠ ಮಾಡ್ತಾರೆ. ಪಕ್ಕದಲ್ಲಿ ಒಬ್ಬರು ನಿವೃತ್ತ ನರ್ಸಮ್ಮ ಕೂರ್ತಿದ್ರು. ಹಾಜರಿ ಕೂಗುವಾಗ ನನ್ನ ಹೆಸರು ಬಂದ್ರೆ ಮೊಣಕೈಯಲ್ಲಿ ತಿವೀತಿದ್ರು, ನಾನು 'ಹಾಜರ್' ಅಂತಿದ್ದೆ. ಸೂಜಿ ಚುಚ್ಚಿ ಪಳಗಿದ ಕೈ, ಗುರಿ ತಪ್ತಿರಲಿಲ್ಲ. ಅವರು ಬೇರೆ ಊರಿಗೆ ತಮ್ಮನ ಮನೆಗೆ ಹೋದ್ರು. ತಿವಿಯೋರು ಇಲ್ಲದ ಮೇಲೆ ನಾನೂ ಇಲ್ಲದೋನಾದೆ. ಒಂದಿನ ಅಂದಾಜಲ್ಲಿ 'ಹಾಜರ್' ಅಂದೆ. ಅದು ಯಾರೋ ಹೆಂಗಸಿನ ಸರದಿಯಂತೆ. ಎಲ್ಲರ ಭುಜ ಕುಣೀತು, ತಾತ ತಮಾಷೆ ಮಾಡ್ತಿದೆ ಅಂದ್ಕೊಂಡ್ರು. ಜೀವನವೆಲ್ಲ ತಮಾಷೆ ಮಾಡಿದೋನು ಕಷ್ಟ ಹೇಳ್ಕೊಂಡ್ರೆ ಯಾರು ನಂಬ್ತಾರೆ?

ಬೆಂಕಿಯ ವಿಷಯ ಪೂರ್ತಿ ಸುಳ್ಳೂ ಅಲ್ಲ. ಒಂದು ಸಂಜೆ ಬೆಂಕಿ ಅಣಕು ಅಭ್ಯಾಸ ಇತ್ತು. ಗಂಟೆ ಹೊಡೆದಿದೆ, ಎಲ್ಲರೂ ಇಳಿದು ಹೋಗಿದ್ದಾರೆ. ನಾನು ತಲೆ ಬಗ್ಗಿಸಿ ಬರೀತಿದ್ದೆ. ತಲೆ ಎತ್ತಿದ್ರೆ ಬರೀ ಬೆಂಚುಗಳು. ನನ್ನ ಮೇಲೇ ತಮಾಷೆ ಹೂಡಿದ್ದಾರೆ ಅಂತ ಖುಷಿಯಾಯ್ತು. ಬಾಗಿಲ ಹಿಂದಿಂದ ಯಾರಾದ್ರೂ ಹಾರಿ ಬರ್ತಾರೆ ಅಂತ ನಗುಮುಖ ಮಾಡ್ಕೊಂಡು ಕಾದೆ. ಕೊನೆಗೆ ಬಂದಿದ್ದು ಕಸ ಗುಡಿಸೋ ಅಕ್ಕ. ಕೆಳಗೆ ತಲೆ ಎಣಿಸಿದಾಗ ಲೆಕ್ಕ ಸರಿಹೋಗಿತ್ತಂತೆ. ಹಾಜರಿಯಲ್ಲಿ ಇಲ್ಲದೋನು ಮಹಡಿಯಲ್ಲಿ ಹೇಗಿರ್ತಾನೆ?

ಇದಕ್ಕೆ ಮದ್ದಿಲ್ಲವೇ? ಇದೆ. ಮೇಡಂ ಕೊರಳಿಗೊಂದು ಪುಟ್ಟ ಮೈಕು, ನನ್ನ ಕಿವಿಗೊಂದು ಹೆಡ್‌ಫೋನು. ನಿಮ್ಮ ಇಲಾಖೆಯೇ ಕೊಡಿಸಿದ್ದು. ನೀವು ತಪಾಸಣೆಗೆ ಬಂದ ದಿನ ಅದನ್ನ ನನ್ನ ತಲೆಗೆ ಹಾಕಿ ಫೋಟೊ ತೆಗೆದ್ರು. ಮೇಡಂಗೆ ನೆಗಡಿ ಆಗಿದೆ ಅನ್ನೋದೂ ಅವತ್ತು ಕೇಳಿಸ್ತು. ನೀವು ಜೀಪು ಹತ್ತಿದ್ರಿ, ಅದು ಬೀರು ಹತ್ತಿತು. ವ್ಯವಸ್ಥಾಪಕರನ್ನ ಕೇಳಿದ್ರೆ ಕಿವಿಗೆ ಬಾಯಿಟ್ಟು ಕೂಗಿದ್ರು: 'ಹಾಳಾದ್ರೆ ಮುಂದಿನ ತಪಾಸಣೆಗೆ ಏನ್ ತೋರಿಸ್ಲಿ ತಾತ?'

'ಹಾಗಾದ್ರೆ ನನ್ನನ್ನೂ ಬೀರುವಲ್ಲೇ ಇಟ್ಬಿಡಪ್ಪ, ಇಬ್ರೂ ಹಾಳಾಗಲ್ಲ' ಅಂದೆ.

ಅವರೇನೋ ಅಂದ್ರು. 'ಏನಂದ್ರಿ?' ಅಂದೆ. ಕೈ ಆಡಿಸಿದ್ರು.

ದೂರು ಕೊಡೋಣ ಅಂದ್ರೆ ನಿಮ್ಮ ಕಚೇರಿಗೆ ಇರೋದು ದೂರವಾಣಿ ಒಂದೇ. ಕಿವುಡನ ದೂರಿಗೆ ದೂರವಾಣಿ ಇಟ್ಟ ಬುದ್ಧಿವಂತರಿಗೆ ನನ್ನ ನಮಸ್ಕಾರ ತಲುಪಿಸಿ. ನನಗಿಂತ ದೊಡ್ಡ ತಮಾಷೆಗಾರರು.

ನಾನು ಬೇಡ್ತಿಲ್ಲ, ಕೇಳ್ತಿದ್ದೀನಿ. ಯಾರನ್ನೂ ಹೊರಗಿಡಲ್ಲ ಅಂತ ಮಾತು ಕೊಟ್ಟೇ ಕೇಂದ್ರ ಜನರ ದುಡ್ಡು ತಗೊಂಡಿದೆ. ಬೀರುವಿನ ಕೀಲಿ ಮೇಡಂ ಕೈಲಿರಲಿ, ಮೈಕು ಪ್ರತಿ ತರಗತಿಗೂ ಹೊರಗೆ ಬರಲಿ. ಬೆಂಕಿಯ ಗಂಟೆ ಜೊತೆಗೊಂದು ದೀಪ ಮಿನುಗಲಿ. ದೂರನ್ನ ಕಾಗದದಲ್ಲೂ ತಗೊಳ್ಳಿ. ಮತ್ತೆ ನನ್ನ ಜಾಗ ನನಗೆ ವಾಪಸ್ ಕೊಡಿ. ಮುಂದಿನ ಮಂಗಳವಾರ ನಾನಂತೂ ಹೋಗಿ ಕೂರ್ತೀನಿ.

ಕೊನೆಗೊಂದು. ಹಿಂದೊಮ್ಮೆ ತಪಾಸಣೆ ಅಂತ ಫೋನ್ ಮಾಡಿ ಬಾರದೇ ಹೋದ್ರಲ್ಲ ಅಂತ ವ್ಯವಸ್ಥಾಪಕರು ನಿಮ್ಮನ್ನ ಬೈಕೊಳ್ತಿದ್ದಾರೆ. ಫೋನ್ ಮಾಡಿದ್ದು ನಾನು. ನರ್ಸಮ್ಮ ನನ್ನ ಅಂಗೈ ಮೇಲೆ ಬೆರಳಲ್ಲಿ 'ಇವತ್ತೇ ಕೊನೆ' ಅಂತ ಬರೆದ ದಿನ, ಕೆಳಗಿಳಿದು ಹೋಗಿ, ಅಂಗಡಿ ಫೋನಿಂದ ಅಧಿಕಾರಿಯ ಗತ್ತಿನ ದನಿ ಮಾಡಿ ಹೇಳಿದೆ: 'ಈಗ ಬರ್ತಿದ್ದೀನಿ. ಮೈಕು ಎಲ್ಲರ ಕೈಗೂ ಹೋಗಬೇಕು, ಎಲ್ಲರೂ ಮಾತಾಡಬೇಕು.' ಆ ಕಡೆಯವರು ಏನಂದ್ರೋ ನನಗೆ ಕೇಳಿಸಲಿಲ್ಲ, ಹೇಳೋದು ಹೇಳಿ ಇಟ್ಟೆ. ಅದಕ್ಕೇ ಅಧಿಕಾರಿ ಅಂತ ನಂಬಿದ್ರು. ಎಲ್ಲರೂ ಬಾಗಿಲು ನೋಡ್ತಾ ಕೂತ್ರು. ಹೆಡ್‌ಫೋನು ನನ್ನ ತಲೆಗೇರಿತು, ಮೈಕು ನರ್ಸಮ್ಮನ ಕೈಗೆ ಬಂತು. 'ಈ ಮನುಷ್ಯ ಇಷ್ಟು ದಿನ ಹೇಳಿದ ಜೋಕೆಲ್ಲ ಹಳೇದು, ಪಾಪ ಅಂತ ನಗ್ತಿದ್ದೆ' ಅಂದ್ರು. ಅಂದು, ನಕ್ಕರು. ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗಿತ್ತು. ಪೂರ್ತಿ ಕೇಳಿಸ್ಕೊಂಡೆ.

ಇಂತಿ,
ಒಂದೇ ಒಂದು ಸಂಜೆ ನಿಮ್ಮ ಕೆಲಸ ಮಾಡಿದ ಮುದುಕ