ಎಂಜಿನ್ ಇಲ್ಲದ ಲಾರಿಗೂ ಚಳಿಯಾಗುತ್ತದೆ

ಮಾನ್ಯ ವಾಹನ ನಿಲುಗಡೆ ಅಧಿಕಾರಿಗಳೇ,

ನಮ್ಮ ವಠಾರದ ಅಂಗಳದಲ್ಲಿ, ನಿಂತ ಗಾಡಿಗಳನ್ನು ವಿದ್ಯುತ್ತಿನಿಂದ ಬಿಸಿ ಮಾಡಲು ನೀವು ನೆಡಿಸಿರುವ ಬಿಸಿ ಕಂಬದ ಗಡಿಯಾರವನ್ನು ತೆಗೆಸಿ. ಎಲ್ಲ ಕಂಬಗಳದ್ದೂ ಬೇಡ, ಒಂದರದ್ದು ಸಾಕು. ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ನನ್ನ ಹಿಂದಿನ ಅರ್ಜಿಗಳನ್ನು ನಿಮ್ಮ ಕಚೇರಿಯಲ್ಲಿ ಯಾರೂ ಕೊನೆಯವರೆಗೆ ಓದಿದಂತೆ ಕಾಣಲಿಲ್ಲ.

ನಾನು ಅಂಗಡಿ ಲಾರಿ ನಡೆಸುವವಳು. ಕಾಡಿನಾಚೆಯ ಹಳ್ಳಿಗಳಲ್ಲಿ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಅಲ್ಲಿಗೆ ರೈ ರೊಟ್ಟಿ, ಬೆಣ್ಣೆ, ಕಾಫಿಪುಡಿ ಹೋಗುವುದು ನನ್ನ ಲಾರಿಯಲ್ಲೇ. ಹಳೆಯ ಡೀಸೆಲ್ ಲಾರಿ ಗೊಣಗುತ್ತಲಾದರೂ ಓಡುತ್ತಿತ್ತು. ಹೊಗೆ ಬಿಡದ ಲಾರಿ ತಂದರೆ ಮಾತ್ರ ಪರವಾನಗಿ ಎಂದವರು ನಿಮ್ಮದೇ ಕಟ್ಟಡದ ಮೇಲಿನ ಮಹಡಿಯವರು. ಅಂಥದ್ದೇ ತಂದೆ. ವಿದ್ಯುತ್ ಲಾರಿ ಒಳ್ಳೆಯದೇ, ಅದರ ಮೇಲೆ ನನ್ನ ದೂರಿಲ್ಲ. ಅದು ಕೇಳುವುದು ಒಂದೇ: ನಿಂತಿರುವಾಗ ಹೊಟ್ಟೆಯಡಿಯ ಬ್ಯಾಟರಿ ತಣ್ಣಗಾಗಬಾರದು. ಕಾಫಿ ಕಾಯಿಸುವಷ್ಟು ವಿದ್ಯುತ್ ಇರುಳಿಡೀ ಸಿಕ್ಕರೆ ಅದು ಬೆಚ್ಚಗಿರುತ್ತದೆ. ಇಲ್ಲದಿದ್ದರೆ ನಮ್ಮ ಲ್ಯಾಪ್‌ಲ್ಯಾಂಡಿನ ಮೈನಸ್ ಮೂವತ್ತೈದು ಡಿಗ್ರಿ ಚಳಿಯಲ್ಲಿ ತುಂಬಿಸಿಟ್ಟ ಶಕ್ತಿಯ ಅರ್ಧಕ್ಕರ್ಧ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ನಿಮ್ಮ ಕಂಬವಾದರೋ ಡೀಸೆಲ್ ಕಾಲದ್ದು. ಹೊರಡುವ ಹೊತ್ತಿಗೆ ಮುಳ್ಳು ತಿರುಗಿಸಿಟ್ಟರೆ ಅದಕ್ಕೆ ಎರಡು ತಾಸು ಮುಂಚೆ ವಿದ್ಯುತ್ ಹರಿಯುತ್ತದೆ, ಆಮೇಲೆ ನಿಲ್ಲುತ್ತದೆ. ಎಂಜಿನ್ನಿಗೆ ಅಷ್ಟು ಸಾಕು. ಈ ತೊಡಕನ್ನು ಬಿಡಿಸಿಕೊಡಿ ಎಂದು ನಿಮ್ಮ ಕಚೇರಿಗೆ ಫೋನು ಮಾಡಿದೆ. ಅಲ್ಲಿಯವರು ಬಹಳ ಸಮಾಧಾನವಾಗಿಯೇ ಮಾತಾಡಿದರು.

"ಬಿಸಿ ಕಂಬ ಇರೋದು ಎಂಜಿನ್ ಬಿಸಿ ಮಾಡೋಕೆ. ನಿಮ್ಮ ಗಾಡೀಲಿ ಎಂಜಿನ್ ಇದೆಯೇನ್ರೀ?"

"ಇಲ್ಲ."

"ಮತ್ತೇನನ್ನ ಬಿಸಿ ಮಾಡ್ತೀರಾ?"

"ಬ್ಯಾಟರೀನ."

"ಬ್ಯಾಟರಿ ಅಂದ್ರೆ ಚಾರ್ಜಿಂಗ್ ಆಯ್ತು. ಚಾರ್ಜಿಂಗ್ ನಿಲ್ದಾಣಕ್ಕೆ ಹೋಗಿ."

"ಅಲ್ಲಿ ತುಂಬಿದ ಮೇಲೆ ನಿಂತ್ರೆ ದಂಡ ಹಾಕ್ತೀರಲ್ಲ?"

"ತುಂಬಿದ ಮೇಲೆ ಯಾಕ್ರೀ ನಿಂತ್ಕೋಬೇಕು?"

ಎಂಥ ಅಚ್ಚುಕಟ್ಟಾದ ಆಡಳಿತ ನೋಡಿ. ಎಂಜಿನ್ ಇಲ್ಲವೆಂದು ಒಂದು ಕಡೆಯಿಂದ ಎಬ್ಬಿಸುತ್ತೀರಿ, ಹೊಟ್ಟೆ ತುಂಬಿದೆಯೆಂದು ಇನ್ನೊಂದು ಕಡೆಯಿಂದ ಎಬ್ಬಿಸುತ್ತೀರಿ. ಹೊಟ್ಟೆ ತುಂಬಿದವರಿಗೆ ಚಳಿಯಾಗುವುದಿಲ್ಲವೇ? ನಿಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹೀಟರ್ ಆರಿಸುತ್ತಾರೆಯೇ?

ನೀವು ಕೈಬಿಟ್ಟಿರಿ, ವಠಾರದವರು ಕೈಹಿಡಿದರು. ಇಲ್ಲಿ ಒಬ್ಬರ ಕಷ್ಟಕ್ಕೆ ಎಲ್ಲರೂ ಸೇರುವುದು ಹಳೆಯ ವಾಡಿಕೆ. ನಾಯಿ ತಿರುಗಾಡಿಸಲು ಹೋಗುವವರು, ಸೌನಾದ ಬಿಸಿ ಹಬೆಯಲ್ಲಿ ಕೂತು ಕೆಂಪಗಾಗಿ ಬರುವವರು, ಪಾಳಿ ಮುಗಿಸಿ ಬರುವ ನರ್ಸು, ಎಲ್ಲರೂ ಹಾದುಹೋಗುವಾಗ ಕಂಬದ ಮುಚ್ಚಳ ತೆಗೆದು ವಿದ್ಯುತ್ ನಿಲ್ಲದಿರಲೆಂದು ಮುಳ್ಳನ್ನು ಇನ್ನೆರಡು ತಾಸು ಮುಂದೆ ತಿರುಗಿಸುತ್ತಿದ್ದರು. ಲಾರಿಗೆ ಹೀಗೆ ಬಾಣಂತನ ನಡೆಯಿತು. ಕ್ರಿಸ್‌ಮಸ್‌ವರೆಗೆ ಒಂದು ದಿನವೂ ನನ್ನ ಅಂಗಡಿ ತಪ್ಪಲಿಲ್ಲ.

ಅದಾದ ಮೇಲೆ ನೆಲಮಹಡಿಯ ತೈಸ್ತೊ ಅವರ ಸರದಿ ಬಂತು. ಆಯುಷ್ಯವೆಲ್ಲ ಮರದ ದಿಮ್ಮಿ ಸಾಗಿಸಿ ನಿವೃತ್ತರಾದವರು, ಡೀಸೆಲ್ ಲಾರಿಯ ಕೆಮ್ಮು ಕೇಳಿಯೇ ಕಾಯಿಲೆ ಹೇಳುವವರು. "ಇವತ್ತು ಯಾರೂ ಮುಟ್ಟಬೇಡಿ, ನಾನು ನೋಡ್ಕೋತೀನಿ" ಎಂದು ಎಲ್ಲರನ್ನೂ ಒಳಗೆ ಕಳಿಸಿದರಂತೆ. ಜೀವಮಾನವಿಡೀ ಮಾಡಿದ್ದನ್ನೇ ಮಾಡಿದರು: ನಾನು ಹೊರಡುವ ಹೊತ್ತಿಗೆ ಮುಳ್ಳಿಟ್ಟು, ಲಾರಿಯ ಮೂತಿಗೆ ತಮ್ಮ ಮನೆಯ ರಜಾಯಿ ಹೊದಿಸಿದರು. ಮೂತಿಯೊಳಗೆ ಏನೂ ಇಲ್ಲ ಎಂಬುದು ಪಾಪ ಅವರಿಗೆ ಗೊತ್ತಿಲ್ಲ. ತಾನಾಗಿ ಕಾವಿಲ್ಲದ್ದಕ್ಕೆ ರಜಾಯಿ ಹೊದಿಸಿದರೆ ಏನು ಬೆಚ್ಚಗಾದೀತು?

ಬೆಳಿಗ್ಗೆ ರಜಾಯಿ ಕಂಡು ನನಗೆ ನಗು ಬಂತು, ಕಣ್ಣೂ ತುಂಬಿತು. ಒಳಗಿನ ಪರದೆಯಲ್ಲಿ ಬ್ಯಾಟರಿಯ ಅಂಕಿ ತುಸು ಕಡಿಮೆ ಇತ್ತು. ಓಡುತ್ತ ಸರಿಹೋಗಬಹುದೆಂದು ಹೊರಟೆ. ಕೊನೆಯ ಹಳ್ಳಿಗೆ ಮೊದಲು, ಕಾಡಿನ ನಡುವೆ, ಪರದೆಯ ಮೇಲೆ ಆಮೆಯ ಚಿತ್ರ ಮೂಡಿತು. ಇನ್ನು ನಿಧಾನ, ಆಮೇಲೆ ನಿಲುಗಡೆ ಎಂದು ಅದರರ್ಥ. ಹಾಗೆಯೇ ಆಯಿತು.

ಕೊನೆಯ ಹಳ್ಳಿಯಲ್ಲಿ ನನ್ನ ಗಿರಾಕಿ ಒಬ್ಬನೇ, ಅರ್ವೊ. ಸರೋವರದ ಮಂಜುಗಡ್ಡೆ ಕೊರೆದು ಬಲೆ ಬಿಟ್ಟು ಮೀನು ಹಿಡಿಯುವವನು. ಅವನ ಫೋನು ಸದಾ ಅಡುಗೆಮನೆಯ ಮೇಜಿನ ಮೇಲಿರುತ್ತದೆ, ಅವನು ಸದಾ ಹೊರಗಿರುತ್ತಾನೆ. ನಾನು ಫೋನು ಮಾಡಿದೆ, ಮಾಡಿದೆ, ಮೇಜು ಕೇಳಿಸಿಕೊಂಡಿತು. ಅವನು ಹಿಂದೆ ಹಾಲಿನ ಕ್ಯಾನು ಇಡುತ್ತಿದ್ದ ರಸ್ತೆಬದಿಯ ಕಟ್ಟೆಯ ಮೇಲೆ ನಿಂತಿದ್ದ. ಈ ತಿಂಗಳಲ್ಲಿ ನಮಗೆ ಹಗಲಲ್ಲೂ ಸೂರ್ಯ ಮೂಡುವುದಿಲ್ಲವಲ್ಲ, ಕತ್ತಲಲ್ಲಿ ನಾನು ದಾಟಿಹೋಗದಿರಲೆಂದು ಕೈಗವಸು ಕಳಚಿ ಟಾರ್ಚನ್ನು ಆರಿಸಿ ಹೊತ್ತಿಸುತ್ತ ನಿಂತಿದ್ದ. ಚಳಿಗೆ ಹೆಪ್ಪುಗಟ್ಟಿ ಸತ್ತ ಬಲಗೈಯ ಎರಡು ಬೆರಳ ತುದಿಗಳನ್ನು ಆಸ್ಪತ್ರೆಯಲ್ಲಿ ಕತ್ತರಿಸಿದರು.

"ಒಳಗೆ ಹೋಗ್ಬಾರ್ದಿತ್ತೇನೋ?" ಎಂದು ನೋಡಲು ಹೋದಾಗ ಗದರಿದೆ.

"ನೀನು ಬಂದಾಗ ನಾನಿಲ್ದಿದ್ರೆ ಚೆನ್ನಾಗಿರುತ್ತಾ? ಒಬ್ನಿಗೋಸ್ಕರ ಇಷ್ಟು ದೂರ ಬರ್ತೀಯ" ಎಂದ. "ಅಳಬೇಡ ಮಾರಾಯ್ತಿ. ಬಲೆ ಗಂಟು ಹಾಕೋದು ಎಡಗೈಗೂ ಕಲಿಸ್ತೀನಿ."

ತೈಸ್ತೊ ಈಗ ನನ್ನನ್ನು ಕಂಡರೆ ಮೆಟ್ಟಿಲ ಬಳಿಯೇ ತಿರುಗಿ ಹೋಗುತ್ತಾರೆ. "ಎರಡು ತಾಸು ಸಾಕು ಅಂತ ಕಂಬ ನೆಡಿಸಿದ ಕಚೇರಿಯವ್ರೇ ಹೇಳಿದ್ರಲ್ಲಮ್ಮ" ಎಂದು ಒಮ್ಮೆ ಹೇಳಿದರು, ಅಷ್ಟೆ. ಅವರ ಮೇಲೆ ಸಿಟ್ಟಾಗಲು ನನ್ನಿಂದ ಆಗುವುದಿಲ್ಲ. ಲಾರಿಯ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಚಳಿಗೆ ಪತ್ರ ಬರೆಯಲು ಬರುವುದಿಲ್ಲ. ಉಳಿದವರು ನೀವು.

ಆದ್ದರಿಂದ ಒಂದು ಕಂಬದ ಗಡಿಯಾರ ತೆಗೆಸಿ. ಅದೂ ಆಗದೆಂದಾದರೆ ಇನ್ನೊಂದು ಕೆಲಸ ಮಾಡಿ. ಗುರುವಾರ ಕೊನೆಯ ಹಳ್ಳಿಗೆ ನನ್ನ ಅಂಗಡಿ ದಿನ. ಲಾರಿ ಬರುವುದು ಖಾತ್ರಿಯಿಲ್ಲ, ಹೊರಗೆ ನಿಲ್ಲಬೇಡ ಎಂದು ಅರ್ವೊಗೆ ನೀವೇ ಹೋಗಿ ಹೇಳಿ ಬನ್ನಿ. ನಾನು ಹೇಳಿ ನೋಡಿದೆ. ಟಾರ್ಚನ್ನು ಎಡಗೈಯಲ್ಲಿ ಹಿಡಿದುಕೊಳ್ಳುತ್ತೇನೆ ಎನ್ನುತ್ತಾನೆ.

ಇಂತಿ,
ಬೆಚ್ಚಗಿನ ನಿಮ್ಮ ಕಚೇರಿಗೆ ಹೊರಗಿನಿಂದ ಬರೆಯುತ್ತಿರುವ,
ಕೈಸು ಅಲತಾಲೊ
ಅಂಗಡಿ ಲಾರಿಯವಳು, ಸದ್ಯಕ್ಕೆ